ಕವಿತೆಯೊಳಗಿನ ‘ನಾನು’ ಎಲ್ಲಿ ಹೋಯಿತು? ಲಾರ್ಕಿನ್‌ನ ‘ಓಬಾಡ್’ ಓದುವ ಬಗೆ

ಪ್ರಶ್ನೆ: ಮೇಡಂ, ನಾನು ಎಂ.ಎ. ಇಂಗ್ಲಿಷ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ‘ಫಿಲಿಪ್ ಲಾರ್ಕಿನ್‌ನ ಓಬಾಡ್ ಕವಿತೆಯನ್ನು ಅಸ್ತಿತ್ವವಾದದ ಹಿನ್ನೆಲೆಯಲ್ಲಿ ವಿಶ್ಲೇಷಿಸಿ’ ಎಂಬ ಪ್ರಶ್ನೆಗೆ ಐದು ಪುಟ ಬರೆದೆ. ಸಾರ್ತ್ರ್, ಕಾಮು, ಹೈಡೆಗರ್ ಎಲ್ಲರನ್ನೂ ತಂದೆ. ಹದಿನೈದಕ್ಕೆ ಆರು ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಕವಿತೆ ಎಲ್ಲಿ?’ ಅಂತ ಬರೆದಿದ್ದರು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಥ ಕವಿತೆಯನ್ನು ಎಲ್ಲಿ ಹಿಡಿದು ಬಿಡಿಸಬೇಕು ಅನ್ನೋದೇ ಗೊತ್ತಾಗುವುದಿಲ್ಲ.

ಉತ್ತರ: ನಿಮ್ಮ ಪೇಪರ್ ತಿದ್ದಿದವರು ಎರಡೇ ಪದದಲ್ಲಿ ಸರಿಯಾದ ಮಾತು ಹೇಳಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ. ಈ ಪ್ರಶ್ನೆಗೆ ಬರುವ ಹೆಚ್ಚಿನ ಉತ್ತರಗಳು ನಿಮ್ಮದರಂತೆಯೇ ಇರುತ್ತವೆ. ಮೊದಲು ಅಸ್ತಿತ್ವವಾದದ (ಬದುಕಿಗೆ ಮೊದಲೇ ಕೊಟ್ಟ ಅರ್ಥವಿಲ್ಲ, ಮನುಷ್ಯ ತಾನೇ ಅದನ್ನು ಕಂಡುಕೊಳ್ಳಬೇಕು ಅನ್ನುವ ಚಿಂತನೆಯ) ವ್ಯಾಖ್ಯೆ, ಆಮೇಲೆ ಮೂವರು ದಾರ್ಶನಿಕರು, ಕೊನೆಗೆ ‘ಈ ಕವಿತೆಯಲ್ಲೂ ಇದೇ ಇದೆ’ ಅನ್ನುವ ಒಂದು ಸಾಲು. ಕವಿತೆ ಗೇಟಿನ ಹೊರಗೇ ನಿಂತಿರುತ್ತದೆ.

ಕನ್ನಡ ಮೀಡಿಯಂ ಅಂತ ಸಂಕೋಚದಿಂದ ಬರೆದಿದ್ದೀರಿ. ಈ ಕವಿತೆಯ ಮಟ್ಟಿಗೆ ಅದು ನಿಮಗೆ ಲಾಭವೇ. ಹೇಗೆ ಅಂತ ಮುಂದೆ ತೋರಿಸುತ್ತೇನೆ.

ಕವಿತೆಯ ಹಿನ್ನೆಲೆಯನ್ನು ಬೇಗ ಮುಗಿಸೋಣ. ಲಾರ್ಕಿನ್ ಹುಟ್ಟಿದ್ದು 1922ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. 1955ರಿಂದ 1985ರಲ್ಲಿ ಸಾಯುವವರೆಗೂ ಹಲ್ ವಿಶ್ವವಿದ್ಯಾಲಯದಲ್ಲಿ ಲೈಬ್ರರಿಯನ್ ಆಗಿದ್ದ. ಅಂದರೆ ಬೆಳಿಗ್ಗೆ ಎದ್ದು ಆಫೀಸಿಗೆ ಹೋಗುತ್ತಿದ್ದ ಮನುಷ್ಯ. ‘ಓಬಾಡ್’ ಬರೆಯಲು ಶುರು ಮಾಡಿದ್ದು 1974ರಲ್ಲಿ. ಅದು ನಡುವೆ ನಿಂತುಹೋಗಿ, ಮುಗಿದದ್ದು 1977ರ ನವೆಂಬರಿನಲ್ಲಿ. ಅದೇ ತಿಂಗಳು ಅವನ ತಾಯಿ ತೀರಿಕೊಂಡಿದ್ದರು. ಕವಿತೆ ಮೊದಲು ಅಚ್ಚಾಗಿದ್ದು ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ಪತ್ರಿಕೆಯಲ್ಲಿ, 1977ರ ಡಿಸೆಂಬರ್ 23ರಂದು. ಕ್ರಿಸ್‌ಮಸ್‌ಗೆ ಎರಡೇ ದಿನ ಇರುವಾಗ ಓದುಗರ ಕೈಗೆ ಇಂಥದ್ದು! ಈ ಇಡೀ ಪ್ಯಾರಾದಿಂದ ನಿಮ್ಮ ಉತ್ತರಕ್ಕೆ ಒಂದೋ ಎರಡೋ ವಾಕ್ಯ ಸಾಕು. ‘ತಾಯಿ ಸತ್ತ ದುಃಖದಲ್ಲಿ ಬರೆದ ಕವಿತೆ’ ಅಂತ ಮಾತ್ರ ಬರೆಯಬೇಡಿ. ಕವಿತೆಯೊಳಗೆ ತಾಯಿ ಎಲ್ಲೂ ಇಲ್ಲ. ಇರುವುದು ತನ್ನದೇ ಸಾವಿನ ಭಯ.

ಈಗ ಹೆಸರಿಗೆ ಬರೋಣ. ಓಬಾಡ್ ಅಂದರೆ ಬೆಳಗಿನ ಹಾಡು. ಯುರೋಪಿನ ಹಳೆಯ ಕಾವ್ಯದಲ್ಲಿ ಇದು ಪ್ರೇಮಿಗಳ ಹಾಡು. ರಾತ್ರಿ ಜೊತೆಯಲ್ಲಿದ್ದವರು ಬೆಳಕು ಹರಿಯಿತಲ್ಲ, ಅಗಲಬೇಕಲ್ಲ ಅಂತ ಕೊರಗುವ ಪ್ರಕಾರ. ಲಾರ್ಕಿನ್‌ನ ಹಾಸಿಗೆಯಲ್ಲಿ ಇನ್ನೊಬ್ಬರು ಇರುವ ಸುಳಿವೇ ಇಲ್ಲ. ಅವನ ಜೊತೆಗಿರುವುದು ಸಾವಿನ ಯೋಚನೆ. ಬೆಳಗಾದರೂ ಅದು ಎದ್ದು ಹೋಗುವುದಿಲ್ಲ. ಹೆಸರಲ್ಲೇ ಒಂದು ಕಹಿ ತಮಾಷೆ ಇದೆ ಅಂತ ಮೊದಲೇ ಗುರುತಿಸಿ.

ಬೆಳಗಿನ ಕವಿತೆ ಅಂದಕೂಡಲೇ ನಮ್ಮ ಕಿವಿಯಲ್ಲಿ ಬೇಂದ್ರೆಯವರ ‘ಬೆಳಗು’ ಕೇಳುತ್ತದೆ, ಅಲ್ವಾ? ‘ಇದು ಬರಿ ಬೆಳಗಲ್ಲೋ ಅಣ್ಣಾ’ ಅನ್ನುತ್ತಾರೆ ಅವರು. ಲಾರ್ಕಿನ್ ಹೇಳುವುದು ನೇರ ಉಲ್ಟಾ. ಇದು ಬರೀ ಬೆಳಗು, ಅಷ್ಟೇ. ಆಕಾಶ ಜೇಡಿಮಣ್ಣಿನ ಹಾಗೆ ಬಿಳುಚಿಕೊಂಡಿದೆ, ಸೂರ್ಯನೂ ಇಲ್ಲ. ಪರೀಕ್ಷೆಯಲ್ಲಿ ಬೇಂದ್ರೆಯವರನ್ನು ತರಲೇಬೇಕು ಅಂತಲ್ಲ. ಆದರೆ ಓದುವಾಗ ಪಕ್ಕದಲ್ಲಿಟ್ಟುಕೊಂಡರೆ ಲಾರ್ಕಿನ್ ಏನನ್ನು ಬೇಕಂತಲೇ ಬಿಟ್ಟಿದ್ದಾನೆ ಅಂತ ಕಾಣುತ್ತದೆ.

ಸರಿ, ಮೊದಲ ಸಾಲು. ನನ್ನ ಪ್ರಕಾರ ಕವಿತೆಯ ಬೀಗದ ಕೈ ಇಲ್ಲೇ ಇದೆ. ಕನ್ನಡದಲ್ಲಿ ಹೇಳುವುದಾದರೆ ‘ದಿನವಿಡೀ ದುಡಿಯುತ್ತೇನೆ, ರಾತ್ರಿ ಅರ್ಧಂಬರ್ಧ ಕುಡಿಯುತ್ತೇನೆ.’ ಇಂಗ್ಲಿಷಿನಲ್ಲಿ ಇದು ಹತ್ತು ಪದ, ಹತ್ತೂ ಒಂದೊಂದೇ ಉಚ್ಚಾರಾಂಶದವು. ಅಲಂಕಾರ ಇಲ್ಲ, ದೊಡ್ಡ ಪದ ಇಲ್ಲ. ‘ಹಾಫ್ ಡ್ರಂಕ್’ ಅನ್ನೋದನ್ನು ಗಮನಿಸಿ. ಪೂರ್ತಿ ಕುಡಿದು ಮೈಮರೆಯುವ ಧೈರ್ಯವೂ ಇಲ್ಲ, ಕುಡಿಯದೆ ಇರುವ ಧೈರ್ಯವೂ ಇಲ್ಲ. ನಾಳೆ ಕೆಲಸಕ್ಕೆ ಹೋಗಬೇಕಲ್ಲ! ಎರಡನೇ ಸಾಲಿಗೆ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ. ನಮ್ಮಲ್ಲಿ ಅದನ್ನು ಬ್ರಾಹ್ಮೀ ಮುಹೂರ್ತ ಅಂತ ಹೊಗಳಿ ಮಕ್ಕಳನ್ನು ಓದಲು ಎಬ್ಬಿಸುತ್ತೇವೆ. ಅವನಿಗೆ ಅದು ಸದ್ದಿಲ್ಲದ ಕತ್ತಲು. ಕರ್ಟನ್ನಿನ ಅಂಚು ಬೆಳಗಾಗುವವರೆಗೆ ಕಣ್ಣು ಬಿಟ್ಟುಕೊಂಡು ನೋಡುತ್ತಾನೆ. ಏನನ್ನು? ಯಾವಾಗಲೂ ಅಲ್ಲೇ ಇದ್ದದ್ದನ್ನು. ದಣಿವೇ ಇಲ್ಲದ ಸಾವು. ನಿನ್ನೆಗಿಂತ ಇವತ್ತು ಒಂದು ಪೂರ್ತಿ ದಿನ ಹತ್ತಿರ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಇಡೀ ಕವಿತೆಯಲ್ಲಿ ‘ಐ’ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಸುತ್ತು ಹಾಕಿ. ನಾನು ದುಡಿಯುತ್ತೇನೆ, ನಾನು ದಿಟ್ಟಿಸುತ್ತೇನೆ, ನಾನು ಕಾಣುತ್ತೇನೆ, ನಾನು ಸಾಯುವುದು ಹೇಗೆ. ನಾಲ್ಕು ಸಲ. ಎಲ್ಲವೂ ಮೊದಲ ಸ್ಟಾಂಜಾದಲ್ಲೇ, ಅಂದರೆ ಮೊದಲ ಪದ್ಯಖಂಡದಲ್ಲೇ. ಆಮೇಲೆ ಹುಡುಕಿ, ಒಂದೂ ಸಿಗುವುದಿಲ್ಲ. ಎರಡನೇ ಸ್ಟಾಂಜಾದಿಂದ ‘ವಿ’ ಶುರುವಾಗುತ್ತದೆ, ‘ನಾವು’. ನಾವು ಹೋಗುತ್ತಿರುವ ದಾರಿ, ನಾವು ಹೆದರುವ ಸಂಗತಿ, ನಮಗೆ ಗೊತ್ತಿರುವುದು. ಕೊನೆಯ ಸ್ಟಾಂಜಾದ ಅರ್ಧಕ್ಕೆ ಬಂದಾಗ ಆ ‘ನಾವು’ ಕೂಡ ಮಾಯ. ಉಳಿಯುವುದು ಟೆಲಿಫೋನು, ಆಫೀಸು, ಆಕಾಶ, ಕೆಲಸ, ಪೋಸ್ಟ್‌ಮ್ಯಾನ್. ನಾನು, ನಾವು, ಆಮೇಲೆ ಯಾರೂ ಇಲ್ಲ.

‘ಇಲ್ಲಿ ಇಲ್ಲದಿರುವುದು, ಎಲ್ಲೂ ಇಲ್ಲದಿರುವುದು’ ಅಂತ ಕವಿತೆ ಹೆದರುತ್ತದಲ್ಲ, ಅದು ಕವಿತೆಯ ವ್ಯಾಕರಣದಲ್ಲಿ ಆಗಲೇ ನಡೆದುಹೋಗಿದೆ. ಇದನ್ನು ನೀವು ನಾಲ್ಕು ವಾಕ್ಯದಲ್ಲಿ ಬರೆದರೆ ಐದು ಪುಟದ ಸಾರ್ತ್ರ್‌ಗಿಂತ ಜಾಸ್ತಿ ತೂಕ ಇರುತ್ತದೆ.

ಕನ್ನಡ ಮೀಡಿಯಂ ಲಾಭ ಅಂದೆನಲ್ಲ, ಅದು ಇಲ್ಲಿದೆ. ಕೊನೆಗಿಂತ ಒಂದು ಸಾಲು ಮೊದಲು ‘ವರ್ಕ್ ಹ್ಯಾಸ್ ಟು ಬಿ ಡನ್’ ಅಂತ ಬರುತ್ತದೆ. ಇಂಗ್ಲಿಷಿನಲ್ಲೇ ಓದಿದರೆ ಅದು ಆಫೀಸಿನ ಮಾಮೂಲಿ ಮಾತಿನ ಹಾಗೆ ಜಾರಿಹೋಗುತ್ತದೆ. ಕನ್ನಡಕ್ಕೆ ತಂದು ನೋಡಿ. ಮೊದಲ ಸಾಲು ‘ದುಡಿಯುತ್ತೇನೆ’. ಇಲ್ಲಿ ನಾವು ‘ನಾನು’ ಅಂತ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಕ್ರಿಯಾಪದದ ಬಾಲದಲ್ಲಿ, ಆ ‘ಏನೆ’ಯಲ್ಲಿ, ‘ನಾನು’ ಕೂತಿರುತ್ತದೆ. ಕೊನೆಗೆ ಬರುವುದು ‘ಕೆಲಸ ಆಗಬೇಕು’. ಅದರ ಬಾಲದಲ್ಲಿ ಯಾರೂ ಇಲ್ಲ. ಯಾರು ಮಾಡಬೇಕು? ಯಾರಾದರೂ ಸರಿ. ಅವನು ಸತ್ತ ಮೇಲೂ ಆ ವಾಕ್ಯ ಹಾಗೇ ಸರಿಯಾಗಿರುತ್ತದೆ. ಕವಿತೆ ‘ಕೆಲಸ’ದಿಂದ ಶುರುವಾಗಿ ‘ಕೆಲಸ’ಕ್ಕೇ ಬರುತ್ತದೆ. ನಡುವೆ ಕಳೆದುಹೋದದ್ದು ಕೆಲಸ ಮಾಡುವವನು ಮಾತ್ರ.

ಇಂಗ್ಲಿಷ್ ಕವಿತೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದು ನೋಡುವುದನ್ನು ಕೆಲವರು ದೌರ್ಬಲ್ಯ ಅಂದುಕೊಳ್ಳುತ್ತಾರೆ. ನಾನಂತೂ ಇವತ್ತಿಗೂ ಹಾಗೇ ಓದುವುದು.

ಆಕಾರದ ಬಗ್ಗೆ ಹೇಳುತ್ತೇನೆ. ಗೈಡುಗಳಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ. ಐದು ಸ್ಟಾಂಜಾ, ಒಂದೊಂದಕ್ಕೆ ಹತ್ತು ಸಾಲು, ಐಯಾಂಬಿಕ್ ಪೆಂಟಾಮೀಟರ್ (ಸಾಲಿಗೆ ಐದು ಬೀಟು, ಅಂದರೆ ಒತ್ತಿ ಹೇಳುವ ಐದು ಉಚ್ಚಾರಾಂಶ, ಇರುವ ಛಂದಸ್ಸು), ಪ್ರಾಸ ಇಂತಿಂಥದ್ದು. ಅದನ್ನು ಬರೆದರೆ ಯಾರೂ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ, ಜಾಸ್ತಿಯೂ ಕೊಡುವುದಿಲ್ಲ. ನೋಡಬೇಕಾದದ್ದು ಪ್ರತಿ ಸ್ಟಾಂಜಾದ ಒಂಬತ್ತನೇ ಸಾಲನ್ನು. ಅದೊಂದೇ ಗಿಡ್ಡ. ಐದು ಬೀಟಿನ ಜಾಗದಲ್ಲಿ ಮೂರೇ ಬೀಟು. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಇಲ್ಲದ ಹಾಗೆ ಕಾಲು ಜೋಲಿ ಹೊಡೆಯುತ್ತದೆ. ಆ ಐದು ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಳ್ಳಿ. ಸಾಯುವುದು ಮತ್ತು ಸತ್ತಿರುವುದು. ಎಲ್ಲೂ ಇಲ್ಲದಿರುವುದು. ಪ್ರೀತಿಸಲು, ಕೂಡಿಕೊಳ್ಳಲು ಏನೂ ಇಲ್ಲ. ಗೋರಿಯಿಂದ ಯಾರಿಗೂ ವಿನಾಯಿತಿ ಇಲ್ಲ. ಕೆಲಸ ಆಗಬೇಕು. ಮೊದಲ ನಾಲ್ಕು ಸಾವಿನವು, ಅದರಲ್ಲಿ ಮೂರರಲ್ಲಿ ‘ಇಲ್ಲ’ ಇದೆ. ಐದನೆಯದು ಮಾತ್ರ ಬದುಕಿನದು. ಆದರೂ ಅದೇ ಜಾಗದಲ್ಲಿ, ಅದೇ ಗಿಡ್ಡ ಅಳತೆಯಲ್ಲಿ ಕೂತಿದೆ. ಎಣಿಸಿದರೆ ಐದೇ ಉಚ್ಚಾರಾಂಶ, ಐದರಲ್ಲಿ ಅತಿ ಚಿಕ್ಕದು. ಕೆಲಸ ಅನ್ನೋದು ಸಾವಿಗೆ ಸಮಾಧಾನವೋ ಅಥವಾ ಅದರದೇ ಇನ್ನೊಂದು ಮುಖವೋ? ಇಂಥ ಪ್ರಶ್ನೆಯನ್ನು ಉತ್ತರದಲ್ಲಿ ತೆರೆದಿಟ್ಟರೆ ತಪ್ಪೇನಿಲ್ಲ.

ಎರಡನೇ ಸ್ಟಾಂಜಾದಲ್ಲಿ ಒಂದು ವಾದ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಮನಸ್ಸು ಕಂಗಾಲಾಗಿದ್ದು ಪಶ್ಚಾತ್ತಾಪದಿಂದ ಅಲ್ಲ ಅನ್ನುತ್ತಾನೆ. ಮಾಡದೆ ಬಿಟ್ಟ ಒಳ್ಳೆಯ ಕೆಲಸ, ಕೊಡದೆ ಬಿಟ್ಟ ಪ್ರೀತಿ, ಹರಿದು ಎಸೆದ ಸಮಯ, ಇವು ಯಾವುವೂ ಕಾರಣ ಅಲ್ಲವಂತೆ. ಅಲ್ಲ ಅಂದಮೇಲೆ ಅಷ್ಟು ಉದ್ದ ಪಟ್ಟಿ ಯಾಕೆ? ‘ನನಗೇನೂ ಬೇಜಾರಿಲ್ಲ’ ಅಂತ ಹೇಳಿ ಬೇಜಾರಿನ ಕಾರಣಗಳನ್ನೆಲ್ಲ ಒಂದೊಂದಾಗಿ ಬಿಡಿಸಿಡುವವರು ನಮ್ಮ ಮನೆಗಳಲ್ಲೂ ಇರುತ್ತಾರಲ್ಲ, ಹಾಗೆ. ಅಲ್ಲಗಳೆಯುತ್ತಲೇ ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ.

ಮೂರನೇ ಸ್ಟಾಂಜಾ ಇಬ್ಬರ ಜೊತೆ ಜಗಳ. ಮೊದಲು ಧರ್ಮದ ಜೊತೆ. ಅದು ನುಸಿ ತಿಂದ, ಸಂಗೀತ ತುಂಬಿದ, ಅಗಲವಾದ ಜರಿ ಬಟ್ಟೆ ಅನ್ನುತ್ತಾನೆ. ಇದನ್ನು ಬರೀ ಬೈಗುಳ ಅಂತ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಅಜ್ಜಿಯ ಟ್ರಂಕಿನಿಂದ ಹಳೆಯ ಜರಿ ಸೀರೆ ತೆಗೆದು ಬೆಳಕಿಗೆ ಹಿಡಿದಿದ್ದೀರಾ? ಎಂಥಾ ನೇಯ್ಗೆ ಅನಿಸುತ್ತದೆ. ಜೊತೆಗೇ ತೂತುಗಳೂ ಕಾಣುತ್ತವೆ. ಉಡಲು ಬರುವುದಿಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ. ಚರ್ಚಿನ ಹಾಡು, ಮೆರವಣಿಗೆ, ಸೊಗಸು ಎಲ್ಲ ಆ ಪದಗಳಲ್ಲಿ ಸೇರಿವೆ. ಆದರೆ ಅದನ್ನು ನೇಯ್ದದ್ದೇ ನಾವು ಸಾಯುವುದಿಲ್ಲ ಅಂತ ನಟಿಸಲು ಅನ್ನುವುದು ಅವನ ತೀರ್ಪು.

ಎರಡನೆಯ ಜಗಳ ತರ್ಕದ ಜೊತೆ. ಹೆಸರು ಹೇಳದಿದ್ದರೂ ಗುರಿ ಪ್ರಾಚೀನ ಗ್ರೀಸಿನ ಎಪಿಕ್ಯೂರಸ್‌ನ ವಾದ. ನಾವಿರುವಾಗ ಸಾವು ಇಲ್ಲ, ಸಾವು ಬಂದಾಗ ನಾವಿಲ್ಲ, ಮತ್ತೆ ಹೆದರಿಕೆ ಯಾಕೆ ಅಂತ ಅವನ ಪ್ರಶ್ನೆ. ತರ್ಕ ಸರಿಯಾಗೇ ಇದೆ. ಲಾರ್ಕಿನ್ ಅದೇ ತರ್ಕವನ್ನು ತಿರುಗಿಸಿ ಹಿಡಿಯುತ್ತಾನೆ. ಏನೂ ಗೊತ್ತಾಗದಿರುವುದೇ ನನ್ನ ಹೆದರಿಕೆ ಅನ್ನುತ್ತಾನೆ. ನೋಟ, ಶಬ್ದ, ಸ್ಪರ್ಶ, ರುಚಿ, ವಾಸನೆ, ಹೀಗೆ ಐದೂ ಇಂದ್ರಿಯಗಳನ್ನು ಒಂದೊಂದಾಗಿ ಸ್ವಿಚ್ ಆರಿಸಿದ ಹಾಗೆ ಆರಿಸುತ್ತಾ ಹೋಗುತ್ತಾನೆ. ಆಮೇಲೆ ಯೋಚನೆ, ಆಮೇಲೆ ಪ್ರೀತಿ. ಕೊನೆಗೆ ಅನಸ್ತೇಶಿಯಾದ ಚಿತ್ರ. ಇಲ್ಲೊಂದು ಎಚ್ಚರಿಕೆ. ‘ಕಮ್ ರೌಂಡ್’ ಅನ್ನೋದನ್ನು ‘ಸುತ್ತಿ ಬರುವುದು’ ಅಂತ ಬರೆದ ಉತ್ತರಗಳನ್ನು ನಾನು ನೋಡಿದ್ದೇನೆ. ಒಬ್ಬರಂತೂ ಅದರಿಂದ ಪುನರ್ಜನ್ಮದವರೆಗೆ ಹೋಗಿಬಿಟ್ಟಿದ್ದರು! ಅದರ ಅರ್ಥ ಪ್ರಜ್ಞೆ ಬರುವುದು ಅಂತ ಅಷ್ಟೇ. ಆಪರೇಶನ್ ಥಿಯೇಟರಿನಿಂದ ಹೊರಗೆ ತಂದಮೇಲೆ ‘ಪ್ರಜ್ಞೆ ಬಂತಾ?’ ಅಂತ ಕೇಳುತ್ತೇವಲ್ಲ, ಅದು. ಈ ಅನಸ್ತೇಶಿಯಾದಿಂದ ಯಾರಿಗೂ ಪ್ರಜ್ಞೆ ಬರುವುದಿಲ್ಲ.

ಈಗ ಅಸ್ತಿತ್ವವಾದವನ್ನು ಒಳಗೆ ಕರೆಯಬಹುದು. ಇಷ್ಟು ಹೊತ್ತು ಹೊರಗೆ ನಿಲ್ಲಿಸಿದ್ದು ಬೇಕಂತಲೇ.

ಲಾರ್ಕಿನ್ ಆ ಗುಂಪಿನವನಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ‘ದಿ ಮೂವ್‌ಮೆಂಟ್’ ಅಂತ ಕರೆಸಿಕೊಂಡ ಕವಿಗಳಲ್ಲಿ ಅವನೂ ಒಬ್ಬ. ಸರಳ ಮಾತು, ಹಳೆಯ ಛಂದಸ್ಸು, ದೊಡ್ಡ ಸಿದ್ಧಾಂತಗಳ ಬಗ್ಗೆ ಅನುಮಾನ, ಇದು ಅವರ ದಾರಿ. ಹಾಗಾಗಿ ‘ಲಾರ್ಕಿನ್ ಸಾರ್ತ್ರ್‌ನಂತೆ’ ಅಂತ ಶುರು ಮಾಡಿದರೆ ಮೊದಲ ಹೆಜ್ಜೆಯೇ ಜಾರುತ್ತದೆ. ಆದರೆ ಪ್ರಶ್ನೆಗಳು ಒಂದೇ ಇವೆ. ದೇವರ ಆಸರೆ ಇಲ್ಲದ ಮನುಷ್ಯ, ತನ್ನ ಸಾವನ್ನು ತಾನೇ ಸಾಯಬೇಕು, ಅವನ ಬದಲಿಗೆ ಬೇರೆಯವರು ಸಾಯಲು ಆಗುವುದಿಲ್ಲ. ಹೈಡೆಗರ್ 1927ರ ತನ್ನ ದೊಡ್ಡ ಗ್ರಂಥದಲ್ಲಿ ‘ಜನ ಸಾಯುತ್ತಾರೆ’ ಅನ್ನುವ ಸಲೀಸು ಮಾತಿನ ಹಿಂದೆ ನಾವು ಬಚ್ಚಿಟ್ಟುಕೊಳ್ಳುತ್ತೇವೆ ಅನ್ನುತ್ತಾನೆ. ಲಾರ್ಕಿನ್‌ನ ನಾಲ್ಕು ಗಂಟೆ ಅಂದರೆ ಆ ಬಚ್ಚಿಟ್ಟುಕೊಳ್ಳುವ ಜಾಗ ಸಿಗದ ಹೊತ್ತು. ಜನವೂ ಇಲ್ಲ, ಕುಡಿತವೂ ಇಲ್ಲ. ಇಲ್ಲಿಯವರೆಗೆ ಇಬ್ಬರೂ ಜೊತೆಗಿದ್ದಾರೆ.

ಆಮೇಲೆ ದಾರಿ ಬೇರೆಯಾಗುತ್ತದೆ. ನಿಮ್ಮ ಉತ್ತರಕ್ಕೆ ಬೇಕಾದದ್ದು ಆ ಬೇರೆಯಾಗುವ ಜಾಗ. ಹೈಡೆಗರ್‌ಗೆ ಸಾವನ್ನು ನೇರವಾಗಿ ಎದುರಿಸಿದರೆ ಬದುಕು ನಿಜಕ್ಕೂ ನಮ್ಮದಾಗುತ್ತದೆ. ಸಾರ್ತ್ರ್‌ಗೆ ಆಸರೆ ಇಲ್ಲದಿರುವುದೇ ಸ್ವಾತಂತ್ರ್ಯ. ಕಾಮು 1942ರಲ್ಲಿ ಗ್ರೀಕ್ ಪುರಾಣದ ಸಿಸಿಫಸ್‌ನ ಬಗ್ಗೆ ಬರೆದು, ಬಂಡೆಯನ್ನು ಮತ್ತೆ ಮತ್ತೆ ಬೆಟ್ಟದ ಮೇಲಕ್ಕೆ ಉರುಳಿಸುವ ಅವನು ಸಂತೋಷವಾಗಿದ್ದಾನೆ ಅಂತಲೇ ಊಹಿಸಿಕೊಳ್ಳಬೇಕು ಅಂದ. ಮೂವರೂ ಕತ್ತಲಿನ ಕೊನೆಗೆ ಏನಾದರೊಂದು ಕೈಗೆ ಕೊಡುತ್ತಾರೆ. ಲಾರ್ಕಿನ್ ಏನು ಕೊಡುತ್ತಾನೆ? ಧೈರ್ಯದಿಂದ ಉಪಯೋಗವಿಲ್ಲ ಅನ್ನುತ್ತಾನೆ. ಧೈರ್ಯ ಅಂದರೆ ಬೇರೆಯವರನ್ನು ಹೆದರಿಸದಿರುವುದು ಅಷ್ಟೇ. ಅತ್ತರೂ ಅದೇ ಸಾವು, ಎದೆಯೊಡ್ಡಿ ನಿಂತರೂ ಅದೇ ಸಾವು. ಅಸ್ತಿತ್ವವಾದದ ಪ್ರಶ್ನೆಗಳನ್ನೆಲ್ಲ ತೆಗೆದುಕೊಂಡು ಅದರ ಉತ್ತರಗಳನ್ನು ವಾಪಸ್ ಕೊಟ್ಟ ಕವಿತೆ ಇದು. ನನ್ನನ್ನು ಕೇಳಿದರೆ ನಿಮ್ಮ ಉತ್ತರದ ಮುಖ್ಯ ವಾಕ್ಯ ಇದೇ ಆಗಬೇಕು.

ಇದಕ್ಕೆ ಎದುರು ಮಾತೂ ಇದೆ. ಪೋಲೆಂಡಿನ ಕವಿ ಚೆಸ್ವಾಫ್ ಮಿವೋಶ್‌ಗೆ ಈ ಕವಿತೆ ಒಪ್ಪಿಗೆಯಾಗಲಿಲ್ಲ. ಕಾವ್ಯ ಯಾವತ್ತೂ ಬದುಕಿನ ಪಕ್ಷದಲ್ಲಿರಬೇಕು ಅನ್ನುವುದು ಅವನ ತಕರಾರು. ಐರಿಶ್ ಕವಿ ಶೇಮಸ್ ಹೀನಿ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರೊಫೆಸರ್ ಆಗಿದ್ದಾಗ ಒಂದು ಉಪನ್ಯಾಸದಲ್ಲಿ ತನ್ನ ನಾಡಿನ ಹಿರಿಯ ಕವಿ ಯೇಟ್ಸ್ ಮತ್ತು ಲಾರ್ಕಿನ್‌ರನ್ನು ಎದುರುಬದುರು ಇಟ್ಟು ಈ ತಕರಾರನ್ನು ಎತ್ತಿಕೊಂಡ. ಅವನ ಒಲವು ಯೇಟ್ಸ್ ಕಡೆಗೇ. ಆದರೂ ಒಂದು ಸೂಕ್ಷ್ಮ ಮಾತು ಹೇಳಿದ. ಕವಿತೆ ಪ್ರಾಸ ಹೊಂದಿಸಿಕೊಂಡು ಆಕಾರ ಪಡೆಯುವಾಗಲೇ ಅದು ಬದುಕಿನ ಪಕ್ಷಕ್ಕೆ ಬಂದಿರುತ್ತದೆ ಅಂತ. ನನಗೆ ಇದು ಅರ್ಧ ಒಪ್ಪಿಗೆ. ‘ಏನೂ ಉಳಿಯುವುದಿಲ್ಲ’ ಅನ್ನುವವನು ಐವತ್ತು ಸಾಲನ್ನು ಇಷ್ಟು ಜೋಪಾನವಾಗಿ ಯಾಕೆ ಹೊಂದಿಸಿದ ಅನ್ನೋದು ನಿಜವಾದ ಪ್ರಶ್ನೆ. ಆದರೆ ಅದೇ ಪ್ರಾಸ ‘ಸೂರ್ಯನಿಲ್ಲ’ ಅನ್ನುವ ಸಾಲಿನ ಕೊನೆಯ ‘ಸನ್’ ಜೊತೆ ‘ಡನ್’ ಅನ್ನು ಜೋಡಿಸಿದಾಗ ನನಗೆ ಕೇಳಿಸುವುದು ಬಾಗಿಲು ಮುಚ್ಚಿದ ಸದ್ದು. ನೀವು ಯಾರ ಪಕ್ಷವನ್ನಾದರೂ ಹಿಡಿಯಿರಿ. ಕಾರಣ ಸಾಲಿನಿಂದಲೇ ಬರಲಿ.

ಕೊನೆಯ ಸ್ಟಾಂಜಾದಲ್ಲಿ ಸ್ವಲ್ಪ ನಿಲ್ಲೋಣ. ಬೆಳಕು ನಿಧಾನಕ್ಕೆ ಏರುತ್ತದೆ, ರೂಮಿಗೆ ಆಕಾರ ಬರುತ್ತದೆ. ನಮಗೆ ಗೊತ್ತಿದ್ದ ಸತ್ಯ ವಾರ್ಡ್‌ರೋಬಿನ ಹಾಗೆ ಎದುರಿಗೆ ನಿಂತಿದೆ. ವಾರ್ಡ್‌ರೋಬೇ ಯಾಕೆ? ಕತ್ತಲು ಸರಿಯುವಾಗ ಮಲಗುವ ಕೋಣೆಯಲ್ಲಿ ಮೊದಲು ಕಾಣುವ ದೊಡ್ಡ ವಸ್ತು ಅದೇ. ಮರದ್ದು, ಉದ್ದನೆಯದು, ಬಾಗಿಲಿರುವ ಪೆಟ್ಟಿಗೆ. ಶವಪೆಟ್ಟಿಗೆ ನೆನಪಾದರೆ ತಪ್ಪೇನಿಲ್ಲ. ಆದರೆ ‘ಇದು ಶವಪೆಟ್ಟಿಗೆಯ ಸಂಕೇತ’ ಅಂತ ಅಡಿಗೆರೆ ಎಳೆಯಬೇಡಿ. ಅದು ಮೊದಲು ವಾರ್ಡ್‌ರೋಬೇ ಆಗಿರಲಿ. ದಿನಾ ಬಟ್ಟೆ ನೇತುಹಾಕುವ ವಸ್ತುವಿನಷ್ಟು ಸಾಮಾನ್ಯವಾಗಿ ಸಾವು ನಿಂತಿದೆ ಅನ್ನೋದೇ ಭಯ ಹುಟ್ಟಿಸುವುದು.

ಬೀಗ ಹಾಕಿದ ಆಫೀಸುಗಳಲ್ಲಿ ಟೆಲಿಫೋನುಗಳು ಕುಕ್ಕರುಗಾಲಲ್ಲಿ ಹೊಂಚು ಹಾಕಿ ಕೂತಿವೆ, ಈಗ ಹಾರುತ್ತವೆ ಅನ್ನುವ ಹಾಗೆ. ಅರ್ಥಾತ್ ಬದುಕು ಕೂಡ ಒಂದು ಬೇಟೆಯಾಡುವ ಪ್ರಾಣಿ. ಆಮೇಲೆ ಬರುವುದು ‘ರೆಂಟೆಡ್ ವರ್ಲ್ಡ್’, ಬಾಡಿಗೆಯ ಲೋಕ. ಇಲ್ಲಿ ನಮ್ಮವರು ಎಡವುತ್ತಾರೆ. ನಮ್ಮ ಮನೆ ಅಲ್ಲಿದೆ, ಇಲ್ಲಿಗೆ ಸುಮ್ಮನೆ ಬಂದಿದ್ದೇವೆ ಅನ್ನುವ ಪುರಂದರದಾಸರ ಪದ ತಕ್ಷಣ ನೆನಪಾಗುತ್ತದೆ. ಎರಡೂ ಒಂದೇ ಅನಿಸಿಬಿಡುತ್ತದೆ. ಒಂದೇ ಅಲ್ಲ. ದಾಸರಿಗೆ ಇದು ಬಾಡಿಗೆ ಮನೆ, ಆದರೆ ಸ್ವಂತ ಮನೆ ಬೇರೆ ಕಡೆ ಇದೆ. ಲಾರ್ಕಿನ್‌ಗೆ ಇದು ಬಾಡಿಗೆ ಮನೆ, ಸ್ವಂತದ್ದು ಎಲ್ಲೂ ಇಲ್ಲ. ಖಾಲಿ ಮಾಡಿದ ಮೇಲೆ ಹೋಗಲು ಜಾಗವಿಲ್ಲ.

ಕೊನೆಗೆ ಪೋಸ್ಟ್‌ಮ್ಯಾನ್‌ಗಳು ಡಾಕ್ಟರುಗಳ ಹಾಗೆ ಮನೆಯಿಂದ ಮನೆಗೆ ಹೋಗುತ್ತಾರೆ. ಡಾಕ್ಟರುಗಳು ಮನೆಗೇ ಬಂದು ರೋಗಿಯನ್ನು ನೋಡುತ್ತಿದ್ದ ಕಾಲ, ದೇಶ ಅದು ಅಂತ ನೆನಪಿಡಿ. ಕೆಲವರು ಇದನ್ನು ಸಣ್ಣ ಸಾಂತ್ವನ ಅಂತ ಓದುತ್ತಾರೆ. ಕಾಗದ ಅನ್ನೋದು ಒಂದು ಥರದ ಔಷಧಿ, ಯಾರೋ ಯಾರನ್ನೋ ವಿಚಾರಿಸಿಕೊಳ್ಳುತ್ತಿದ್ದಾರೆ ಅಂತ. ಇನ್ನು ಕೆಲವರಿಗೆ, ಮನೆಮನೆಗೂ ಡಾಕ್ಟರ್ ಹೋಗಬೇಕಾದರೆ ಮನೆಮನೆಯಲ್ಲೂ ಕಾಯಿಲೆ ಇದೆ ಅಂತಾಯಿತು. ಎರಡೂ ಆ ಸಾಲಿನಲ್ಲಿವೆ. ನನಗೆ ವಯಸ್ಸು ಕಡಿಮೆ ಇದ್ದಾಗ ಎರಡನೆಯದೇ ಸರಿ ಅನಿಸುತ್ತಿತ್ತು. ಈಗ ಮೊದಲನೆಯದರ ಕಡೆಗೆ ಸ್ವಲ್ಪ ವಾಲಿದ್ದೇನೆ.

ಪರೀಕ್ಷೆಗೆ ಹೀಗೆ ಮಾಡಿ. ಮೊದಲ ವಾಕ್ಯವೇ ಕವಿತೆಯೊಳಗಿನದಾಗಲಿ. ‘ಅಸ್ತಿತ್ವವಾದವು ಇಪ್ಪತ್ತನೇ ಶತಮಾನದ ಪ್ರಮುಖ ತತ್ವಚಿಂತನೆ’ ಅನ್ನುವ ಬದಲು ‘ನಾನು ದುಡಿಯುತ್ತೇನೆ ಎಂದು ಶುರುವಾದ ಕವಿತೆ, ಕೆಲಸ ಆಗಬೇಕು ಎನ್ನುವಷ್ಟರಲ್ಲಿ ನಾನು ಎಂಬುದನ್ನು ಕಳೆದುಕೊಂಡಿರುತ್ತದೆ’ ಅಂತ ಇಂಗ್ಲಿಷಿನಲ್ಲಿ ನಿಮ್ಮದೇ ಮಾತಲ್ಲಿ ಬರೆಯಿರಿ. ಆಮೇಲೆ ಸರ್ವನಾಮ, ಒಂಬತ್ತನೇ ಸಾಲು, ಎಪಿಕ್ಯೂರಸ್. ದಾರ್ಶನಿಕರಿಗೆ ಒಂದು ಪುಟಕ್ಕಿಂತ ಜಾಸ್ತಿ ಬೇಡ. ಮೂವರ ಬದಲು ಒಬ್ಬರೇ ಸಾಕು. ಆ ಒಬ್ಬರು ಕವಿತೆಯಿಂದ ಎಲ್ಲಿ ಬೇರೆಯಾಗುತ್ತಾರೆ ಅಂತ ತೋರಿಸಿ.

ನಾಲ್ಕನೇ ಸ್ಟಾಂಜಾವನ್ನು ನಾನು ಹೆಚ್ಚುಕಡಿಮೆ ಮುಟ್ಟದೆ ಬಿಟ್ಟಿದ್ದೇನೆ. ಅದು ನಿಮಗೆ. ಬೇರೆಯವು ಬಹುಶಃ ನಡೆಯದೇ ಹೋಗಬಹುದು, ಇದೊಂದು ನಡೆದೇ ನಡೆಯುತ್ತದೆ ಅನ್ನುವ ಸಾಲು ಅಲ್ಲಿದೆ. ಅದು ‘ವಿಲ್’ ಅನ್ನುವ ಪದದ ಮೇಲೆ ನಿಲ್ಲುತ್ತದೆ. ಆ ‘ವಿಲ್’ ಮೇಲಿನ ಯಾವ ಪದಕ್ಕೆ ಪ್ರಾಸವಾಗಿ ಬಂದಿದೆ ಅಂತ ಮೊದಲು ನೋಡಿ. ಅಲ್ಲಿಂದ ಶುರು ಮಾಡಿ ಒಂದು ಪುಟ ಬರೆದು ಕಳಿಸಿ, ಓದುತ್ತೇನೆ.